ಗಾಳಿ ತಿರುಗಿದ ಮೇಲಿನ ಕೊಯಮತ್ತೂರು

ನವರಾತ್ರಿ ಹತ್ತಿರ ಬಂದಂತೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮೈಸೂರು, ಚಾಮರಾಜನಗರದ ಕಡೆಯವರು ಕೇಳುವುದು, ‘ದಸರಾ ರಜೆಗೆ ಕೊಯಮತ್ತೂರಿಗೆ ಬರಬಹುದಾ, ಮಳೆ ಕಾಟ ಇರುತ್ತಾ?’ ಬೆಂಗಳೂರಿನಿಂದ ಇಲ್ಲಿಯ ಐಟಿ ಕಂಪನಿಗಳಿಗೆ ವರ್ಗವಾಗಿ ಬಂದವರದು ಇನ್ನೊಂದು ದೂರು: ‘ಕೊಯಮತ್ತೂರಿನ ಹವೆ ಚೆನ್ನ ಅಂತ ಎಲ್ಲರೂ ಹೇಳ್ತಾರೆ. ಯಾವಾಗ ಚೆನ್ನ? ನಾವು ಏಪ್ರಿಲ್‌ನಲ್ಲಿ ಬಂದಿಳಿದಾಗ ಬೆಂದು ಹೋದೆವು.’ ಇಬ್ಬರಿಗೂ ನನ್ನ ಉತ್ತರ ಒಂದೇ. ಅಕ್ಟೋಬರ್ ನಡುವಿನಿಂದ ನವೆಂಬರ್ ಮುಗಿಯುವವರೆಗೆ ಈ ಊರು ಅತ್ಯಂತ ಚೆನ್ನ. ಮಳೆ ಬರುತ್ತದೆ, ಅದಕ್ಕೇ ಚೆನ್ನ. ಯಾಕೆ ಹೀಗೆ, ಆ ದಿನಗಳನ್ನು ಹೇಗೆ ಸವಿಯಬೇಕು ಎಂಬುದನ್ನು ಈ ವಾರ ಬಿಡಿಸಿ ಹೇಳುತ್ತೇನೆ.

ನಾನಿರುವುದು ಶರವಣಂಪಟ್ಟಿಯಲ್ಲಿ. ಗಾಂಧಿಪುರಂ ಬಸ್ ನಿಲ್ದಾಣದಿಂದ ಗಣಪತಿ ದಾಟಿ ಸತ್ಯಮಂಗಲದ ರಸ್ತೆ ಹಿಡಿದರೆ ಹತ್ತು ಕಿಲೋಮೀಟರಿನೊಳಗೆ ಸಿಗುವ ಊರು. 2011ರವರೆಗೆ ಇದು ಪಟ್ಟಣ ಪಂಚಾಯಿತಿ. ಆಮೇಲೆ ಕೊಯಮತ್ತೂರು ಮಹಾನಗರ ಪಾಲಿಕೆಗೆ ಸೇರಿತು. ಜೋಳ, ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಐಟಿ ಪಾರ್ಕು, ಕಾಲೇಜು, ಮಾಲ್, ಅಪಾರ್ಟ್‌ಮೆಂಟು ಎದ್ದಿವೆ. ಜನ ‘ಸತ್ತಿ ರೋಡ್’ ಎನ್ನುವ ಈ ರಸ್ತೆ ಕೋವಿಲ್‌ಪಾಳಯಂ, ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲ, ಬಣ್ಣಾರಿ ಕಳೆದು, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಚಾಮರಾಜನಗರ, ಕೊಳ್ಳೇಗಾಲ, ಕನಕಪುರದ ಮೇಲೆ ಬೆಂಗಳೂರು ಮುಟ್ಟುತ್ತದೆ. ಸರ್ಕಾರಿ ಲೆಕ್ಕದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 948. ನಮಗೆ ಅದು ಕನ್ನಡನಾಡಿನ ದಾರಿ. ಕನ್ನಡ ಮನೆಮಾತಿನ ದೇವಾಂಗರು, ಒಕ್ಕಲಿಗರು ಈ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿಯುವವರೆಗೆ ಕೊಯಮತ್ತೂರು ಮೈಸೂರು ರಾಜ್ಯದ ಆಳ್ವಿಕೆಯಲ್ಲೇ ಇತ್ತು. ಹಾಗಾಗಿ ಈ ಊರಿನ ಹವೆಯ ಮಾತು ಕನ್ನಡದ ಓದುಗರಿಗೆ ಪರನಾಡಿನ ಸುದ್ದಿಯಲ್ಲ.

ಶರದೃತು ಎಂದೊಡನೆ ಕನ್ನಡದ ಮನಸ್ಸಿಗೆ ಬರುವುದು ತಿಳಿಯಾದ ಆಕಾಶ, ಕೆಸರಿಳಿದ ಕೆರೆ, ಬೆಳ್ಳಗಿನ ಮೋಡದ ತುಣುಕು. ಮುಂಗಾರು ಮುಗಿದ ಮಲೆನಾಡಿಗೆ, ಕರಾವಳಿಗೆ ಈ ಚಿತ್ರ ಸರಿ ಹೊಂದುತ್ತದೆ. ಕೊಯಮತ್ತೂರಿನಲ್ಲಿ ಲೆಕ್ಕ ತಲೆಕೆಳಗು. ಇಲ್ಲಿ ಆಶ್ವಯುಜ, ಕಾರ್ತಿಕಗಳೇ ನಿಜವಾದ ಮಳೆಗಾಲ. ಇದಕ್ಕೆ ಕಾರಣ ಊರು ಕೂತಿರುವ ಜಾಗ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಈ ಬಯಲಿನ ಪಡುವಣಕ್ಕೆ ವೆಳ್ಳಿಯಂಗಿರಿ, ಬಡಗಣ-ಪಡುವಣಕ್ಕೆ ನೀಲಗಿರಿ, ತೆಂಕಣಕ್ಕೆ ಆನೆಮಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದಿಂದ ಬರುವ ಮೋಡ ಆ ಬೆಟ್ಟಗಳ ಆಚೆ ಮೈಯಲ್ಲೇ ಬರಿದಾಗಿ ಬಿಡುತ್ತದೆ. ಇದೇ ಜಿಲ್ಲೆಯ ವಾಲ್ಪಾರೆಯ ಮೇಲಿರುವ ಚಿನ್ನಕಲ್ಲಾರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕೊಯಮತ್ತೂರು ನಗರಕ್ಕೆ ಬೀಳುವುದು 700ರ ಆಸುಪಾಸು. ಮುಂಗಾರಿನಲ್ಲಿ ನಮಗೆ ಸಿಗುವುದು ಗಾಳಿ, ಮೋಡ ಕವಿದ ಬಾನು, ಆಗಾಗ ಒಂದಷ್ಟು ಸಾರಲ್, ಅಂದರೆ ತುಂತುರು.

ಆ ಗಾಳಿ ಸಾಮಾನ್ಯ ಗಾಳಿಯಲ್ಲ. ಗುಜರಾತಿನ ಅಂಚಿನಿಂದ ಕನ್ಯಾಕುಮಾರಿಯ ಸಮೀಪದವರೆಗೆ ಗೋಡೆಯಂತೆ ನಿಂತ ಪಶ್ಚಿಮ ಘಟ್ಟದಲ್ಲಿ ಒಂದೇ ಒಂದು ದೊಡ್ಡ ಬಿರುಕಿದೆ. ಅದು ಪಾಲಕ್ಕಾಡ್ ಕಣಿವೆ, ಸುಮಾರು 30 ಕಿಲೋಮೀಟರ್ ಅಗಲ. ಮುಂಗಾರಿನ ಗಾಳಿ ಬೇರೆ ಕಡೆ ಬೆಟ್ಟ ಹತ್ತಬೇಕು, ಇಲ್ಲಿ ನೇರವಾಗಿ ನುಗ್ಗುತ್ತದೆ. ಪಲ್ಲಡಂ, ಉಡುಮಲೆಪೇಟೆಯ ಬಯಲುಗಳಲ್ಲಿ ಸಾಲುಸಾಲು ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಈ ನುಗ್ಗನ್ನು ನಂಬಿಯೇ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅವು ಬಿಡುವಿಲ್ಲದೆ ತಿರುಗುತ್ತವೆ. ಆ ತಿಂಗಳುಗಳಲ್ಲಿ ಶರವಣಂಪಟ್ಟಿಯ ಮಹಡಿಯ ಮೇಲೆ ಬಟ್ಟೆ ಒಣಹಾಕಿದರೆ ಎರಡೆರಡು ಕ್ಲಿಪ್ಪು ಬೇಕು. ಕಿಟಕಿ ತೆರೆದಿಟ್ಟರೆ ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಕೆಮ್ಮಣ್ಣಿನ ಪದರ.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಸಮಭಾಜಕವೃತ್ತ ದಾಟಿ ತೆಂಕಣಕ್ಕೆ ಸರಿಯುತ್ತಾನೆ. ಉತ್ತರ ಭಾರತದ ನೆಲ ತಣಿಯತೊಡಗುತ್ತದೆ, ಬಂಗಾಳ ಕೊಲ್ಲಿ ಇನ್ನೂ ಬೆಚ್ಚಗೇ ಇರುತ್ತದೆ. ಕಡಿಮೆ ಒತ್ತಡದ ಜಾಗ ಕೊಲ್ಲಿಯ ತೆಂಕಣಕ್ಕೆ ಇಳಿಯುತ್ತದೆ, ಗಾಳಿ ಮೂಡಣದಿಂದ ಬೀಸತೊಡಗುತ್ತದೆ. ಹವಾಮಾನ ಇಲಾಖೆಯ ವಾಡಿಕೆಯ ಲೆಕ್ಕದಲ್ಲಿ ತಮಿಳುನಾಡಿಗೆ ಹಿಂಗಾರು ಕಾಲಿಡುವ ದಿನ ಅಕ್ಟೋಬರ್ 20. ಗಾಳಿ ತಿರುಗಿತೆಂದರೆ ಬೆಟ್ಟಗಳ ಪಾತ್ರವೂ ತಿರುಗಿತು. ನಾಲ್ಕು ತಿಂಗಳು ಮಳೆಯನ್ನು ತಡೆದು ನಿಂತಿದ್ದ ಅದೇ ವೆಳ್ಳಿಯಂಗಿರಿ, ಅದೇ ನೀಲಗಿರಿ ಈಗ ಮೂಡಣದಿಂದ ಬಂದ ತೇವದ ಗಾಳಿಗೆ ಎದೆಯೊಡ್ಡಿ, ಮೇಲೆತ್ತಿ, ನಮ್ಮ ಬಯಲಿಗೇ ಮಳೆಯಾಗಿ ಇಳಿಸುತ್ತವೆ. ವರ್ಷದ ಮಳೆಯಲ್ಲಿ ಹೆಚ್ಚುಕಡಿಮೆ ಅರ್ಧ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೀಳುವುದು ಇದರಿಂದ. ಮಾರ್ಚ್, ಏಪ್ರಿಲ್‌ಗಳಲ್ಲಿ 36 ಡಿಗ್ರಿ ದಾಟುವ ಹಗಲಿನ ತಾಪ ನವೆಂಬರ್‌ನಲ್ಲಿ 30ರ ಸುತ್ತ ಬಂದು ನಿಲ್ಲುತ್ತದೆ, ರಾತ್ರಿ 21-22.

ಈ ಮಳೆಯ ಗುಣ ತಿಳಿದುಕೊಂಡರೆ ಅದರ ಜೊತೆ ಬದುಕುವುದು ಸುಲಭ. ಮಲೆನಾಡಿನ ಹಾಗೆ ಇಡೀ ದಿನ ಜಡಿಯುವ ಮಳೆ ಇಲ್ಲಿ ಅಪರೂಪ. ಕೊಲ್ಲಿಯಲ್ಲಿ ವಾಯುಭಾರ ಕುಸಿದ ದಿನಗಳಲ್ಲಿ ಮಾತ್ರ ಹಾಗಾಗುತ್ತದೆ. ಉಳಿದ ದಿನ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಸೆಕೆ, ನಾಲ್ಕರ ಸುಮಾರಿಗೆ ಮೋಡ, ಸಂಜೆ ಗುಡುಗು ಮಳೆ, ರಾತ್ರಿ ಹೊಳವು. ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇರಿ, ಮೂಡಣದ ತೇವವನ್ನು ಹೊತ್ತು, ಬೆಟ್ಟದ ಸೆರಗಿನಲ್ಲಿ ಮೋಡ ಕಟ್ಟುವುದರಿಂದ ಈ ದಿನಚರಿ. ಇಂಥ ಮೋಡ ಬಿಡಿಬಿಡಿಯಾಗಿ ಏಳುತ್ತದೆ. ಗಣಪತಿಯಲ್ಲಿ ಚರಂಡಿ ಉಕ್ಕಿ ಹರಿಯುವಾಗ ಶರವಣಂಪಟ್ಟಿಯ ರಸ್ತೆಯಲ್ಲಿ ದೂಳು ಏಳುತ್ತಿರಬಹುದು. ನಮ್ಮ ಹಳ್ಳಿಗಳ ರೈತರು ಅಕ್ಟೋಬರ್ ನಡುವಿನ ಮಳೆಯನ್ನು ‘ಕುರುಡು ಚಿತ್ತೆ’ ಎನ್ನುತ್ತಿದ್ದುದು ಇದನ್ನು ಕಂಡೇ. ಒಂದು ಹೊಲಕ್ಕೆ ಹದ, ಪಕ್ಕದ ಹೊಲಕ್ಕೆ ಹನಿಯಿಲ್ಲ. ಚಿತ್ತೆ ಕಳೆದು ಸ್ವಾತಿ, ವಿಶಾಖ ಬರುವ ಹೊತ್ತಿಗೆ ಮಳೆ ಎಲ್ಲರ ಮನೆ ಮುಂದೆಯೂ ಬರುತ್ತದೆ.

ಅಂಥ ಒಂದು ಸಂಜೆಯನ್ನು ಹತ್ತಿರದಿಂದ ನೋಡಿ. ಮೂರೂವರೆಗೆ ಗಾಳಿ ಪೂರ್ತಿ ನಿಂತು ಬೇವಿನ ಎಲೆ ಅಲುಗುವುದಿಲ್ಲ. ಕುರುಡಿಮಲೆ ಬೆಟ್ಟದ ಕಡೆ ಆಕಾಶ ಮೊದಲು ಬೂದಿ, ಆಮೇಲೆ ಸೀಸದ ಬಣ್ಣಕ್ಕೆ ತಿರುಗುತ್ತದೆ. ತಂಪಿನ ಒಂದು ಬೀಸು ಬರುತ್ತದೆ, ಅದರೊಳಗೆ ಎಲ್ಲೋ ನೆಂದ ಮಣ್ಣಿನ ವಾಸನೆ. ಸತ್ತಿ ರೋಡಿನಲ್ಲಿ ಬೈಕಿನವರು ಮೇಲುಸೇತುವೆಯ ಕೆಳಗೋ ಅಂಗಡಿಯ ಶೆಡ್ಡಿಗೋ ಸೇರಿಕೊಳ್ಳುತ್ತಾರೆ. ಹೂ ಮಾರುವ ಹೆಂಗಸು ಮಲ್ಲಿಗೆಯ ಬುಟ್ಟಿಗೆ ಮೊದಲು ಪ್ಲಾಸ್ಟಿಕ್ ಹೊದಿಸಿ ಆಮೇಲೆ ತನ್ನ ತಲೆಗೆ ಸೆರಗು ಹೊದೆಯುತ್ತಾಳೆ. ಮಳೆ ಮುಕ್ಕಾಲು ಗಂಟೆ ಸುರಿದು ನಿಲ್ಲುತ್ತದೆ. ನಿಂತೊಡನೆ ತಳ್ಳುಗಾಡಿಗಳ ಕಾವಲಿಗಳ ಮೇಲೆ ಕಾಳಾನ್ ಸದ್ದು ಶುರು. ಅಣಬೆ, ಎಲೆಕೋಸು ಸೇರಿಸಿ ಕರಿದು, ಪುಡಿಮಾಡಿ, ಖಾರದ ಗೊಜ್ಜಿನಲ್ಲಿ ಕುದಿಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಿ ಕೊಡುವ ಈ ತಿನಿಸು ಕೊಯಮತ್ತೂರಿನ ಬೀದಿಯದೇ ಸ್ವತ್ತು. ಒದ್ದೆಯಾಗಿ ಬಂದ ಐಟಿ ಹುಡುಗರು, ಶಾಲೆ ಬಿಟ್ಟ ಮಕ್ಕಳು, ಕಟ್ಟಡ ಕೆಲಸ ಮುಗಿಸಿದ ಕೂಲಿಯವರು ಒಂದೇ ಗಾಡಿಯ ಸುತ್ತ ನಿಂತು ತಿನ್ನುವುದನ್ನು ನೋಡಬೇಕೆಂದರೆ ಈ ಕಾಲದಲ್ಲೇ ಬರಬೇಕು.

ಮನೆಯ ಅಡುಗೆಯೂ ಈ ದಿನಗಳಲ್ಲಿ ಬದಲಾಗುತ್ತದೆ. ಕೊಂಗುನಾಡು ಎನ್ನುವ ಈ ಸೀಮೆಯ ತಮಿಳು ಮನೆಗಳಲ್ಲಿ ಮಳೆಯ ರಾತ್ರಿಗೆ ಅರಿಸಿಂ ಪರುಪ್ಪುಂ ಸಾದಂ: ಅಕ್ಕಿ, ತೊಗರಿಬೇಳೆ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಒಂದಿಷ್ಟು ಮೆಣಸು ಸೇರಿಸಿ ಒಂದೇ ಪಾತ್ರೆಯಲ್ಲಿ ಬೇಯಿಸಿ, ಬಡಿಸುವಾಗ ಮೇಲೆ ತುಪ್ಪ. ಕನ್ನಡ ಮನೆಗಳಲ್ಲಿ ಹುರುಳಿ ಸಾರು. ತಮಿಳರ ಕೊಳ್ಳು ರಸಕ್ಕೂ ನಮ್ಮ ಹುರುಳಿ ಕಟ್ಟಿನ ಸಾರಿಗೂ ಕಾಳು ಒಂದೇ, ಹದ ಬೇರೆ. ಥಂಡಿಗೆ ಮೈ ಬೆಚ್ಚಗಿಡಲು ಎರಡೂ ಕಡೆಯ ಹಿರಿಯರು ನಂಬಿದ್ದು ಇದೇ ಕಾಳನ್ನು. ಹೊಲದಿಂದ ಆಗಷ್ಟೇ ಕಿತ್ತ ಹಸಿ ಕಡಲೆಕಾಯಿಯನ್ನು ಉಪ್ಪು ಹಾಕಿ ಬೇಯಿಸಿ, ಕಿಟಕಿಯ ಪಕ್ಕ ಕೂತು ಸುಲಿಯುತ್ತಾ ಮಳೆ ನೋಡುವುದಕ್ಕಿಂತ ದೊಡ್ಡ ಮನರಂಜನೆ ನನಗೆ ಗೊತ್ತಿಲ್ಲ.

ಆದರೆ ಈ ಕಾಲದ ನಿಜವಾದ ಬಹುಮಾನ ಮರುದಿನದ ಬೆಳಗು. ಆರೂಕಾಲಕ್ಕೆ ಮಹಡಿ ಹತ್ತಿ ನಿಂತರೆ ಬೇಸಿಗೆಯಿಡೀ ದೂಳಿನ ತೆರೆಯ ಹಿಂದಿದ್ದ ನೀಲಗಿರಿ ಎದ್ದು ನಿಂತಿರುತ್ತದೆ. ಇಳಿಜಾರಿನ ಮಡಿಕೆ ಮಡಿಕೆಯೂ ಕಾಣುತ್ತದೆ. ಹಳೆಯ ಬಡಾವಣೆಗಳಲ್ಲಿ, ಕಾಲೇಜುಗಳ ಆವರಣದಲ್ಲಿ ಆಕಾಶಮಲ್ಲಿಗೆ ಮರಗಳು ಹೂ ಬಿಡುವುದು ಈ ತಿಂಗಳುಗಳಲ್ಲೇ. ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಉದುರುವ ಆ ನೀಳ ಬಿಳಿ ಹೂಗಳು ಒದ್ದೆ ಡಾಂಬರಿನ ಮೇಲೆ ಹರಡಿಕೊಂಡಿರುತ್ತವೆ. ನಗರದ ನಡುವಿನ ರೇಸ್‌ಕೋರ್ಸ್ ರಸ್ತೆಯ ಸುತ್ತು ಸುಮಾರು ಎರಡೂವರೆ ಕಿಲೋಮೀಟರ್. ನಡೆಯುವವರಿಗೆ ಈ ಊರಿನ ಅಚ್ಚುಮೆಚ್ಚಿನ ಜಾಗ. ಅಲ್ಲಿ ಏಪ್ರಿಲ್‌ನಲ್ಲಿ ಒಂದು ಸುತ್ತಿಗೇ ಸಾಕೆನ್ನುವವರು ಈಗ ಎರಡನೆಯ ಸುತ್ತು ಹಾಕುತ್ತಾರೆ.

ಇನ್ನೊಂದು ದೃಶ್ಯ ತಲೆಯೆತ್ತಿ ನೋಡುವವರಿಗೆ ಮಾತ್ರ ದಕ್ಕುತ್ತದೆ. ಮಳೆ ಹೊಳವಾದ ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಬಯಲಲ್ಲಿ ನಿಂತು ಗಮನಿಸಿ, ಚಿಟ್ಟೆಗಳು ಒಂದರ ಹಿಂದೊಂದು ಒಂದೇ ದಿಕ್ಕಿಗೆ, ಪಡುವಣಕ್ಕೆ, ಹಾರಿ ಹೋಗುತ್ತಿರುತ್ತವೆ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೆರೆಗಳಿರುವ ನೀಲಿ ಹುಲಿ, ಕಂದುಗಪ್ಪಿನ ಕಾಗೆ ಚಿಟ್ಟೆ ಇವುಗಳಲ್ಲಿ ಹೆಚ್ಚು. ಮುಂಗಾರಿನ ಜಡಿಮಳೆ ಶುರುವಾಗುವ ಮುಂಚೆ ಪಶ್ಚಿಮ ಘಟ್ಟದಿಂದ ಮೂಡಣದ ಬಯಲಿಗೂ ಪೂರ್ವ ಘಟ್ಟಕ್ಕೂ ಹೋಗಿದ್ದ ಸಂತತಿ, ಹಿಂಗಾರು ಮೂಡಣದಲ್ಲಿ ಹಿಡಿಯುತ್ತಿದ್ದಂತೆ ಮರಳಿ ಘಟ್ಟದ ಕಡೆ ಹೊರಡುತ್ತದೆ. ಹೋದ ಚಿಟ್ಟೆಗಳ ಮಕ್ಕಳು ಮರಳುವುದು ಇದು. ದಾರಿ ಹೇಳಿಕೊಟ್ಟವರು ಯಾರೂ ಇಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕೊಯಮತ್ತೂರಿನ ಚಿಟ್ಟೆ ಪ್ರಿಯರು ಹೀಗೆ ನಿಂತು ಎಣಿಸುತ್ತಾರೆ. ದುಡ್ಡಿಲ್ಲದೆ, ಟಿಕೆಟ್ಟಿಲ್ಲದೆ ಮಕ್ಕಳಿಗೆ ತೋರಿಸಬಹುದಾದ ಅಚ್ಚರಿ ಇದು. ಐದು ನಿಮಿಷ ಎಣಿಸಿ ಬರೆದಿಡಲು ಹೇಳಿ ನೋಡಿ, ಅವರೇ ಮರುದಿನ ನಿಮ್ಮನ್ನು ಎಬ್ಬಿಸುತ್ತಾರೆ.

ಕೆರೆಗಳಿಗೂ ಇದೇ ಹಬ್ಬದ ಕಾಲ. ವೆಳ್ಳಿಯಂಗಿರಿಯಲ್ಲಿ ಹುಟ್ಟುವ ನೊಯ್ಯಲ್ ಕೊಯಮತ್ತೂರು, ತಿರುಪ್ಪೂರು ಹಾದು ಕರೂರು ಜಿಲ್ಲೆಯಲ್ಲಿ ಕಾವೇರಿಗೆ ಸೇರುತ್ತದೆ. ಅದರ ಒಡ್ಡುಗಳಿಂದ ಕಾಲುವೆ ತೆಗೆದು ಒಂದರಿಂದೊಂದಕ್ಕೆ ತುಂಬುವಂತೆ ಹಳಬರು ಕೆರೆಗಳ ಸರಣಿಯನ್ನೇ ಕಟ್ಟಿದ್ದರು. ಉಕ್ಕಡದ ಪೆರಿಯಕುಳಂ, ವಾಲಾಂಕುಳಂ, ಕುರಿಚಿ, ಸಿಂಗಾನಲ್ಲೂರು ಎಲ್ಲ ಆ ಸರಣಿಯವೇ. ಸಿಂಗಾನಲ್ಲೂರು ಕೆರೆಯನ್ನು ಪಾಲಿಕೆ 2017ರಲ್ಲಿ ನಗರದ ಜೀವವೈವಿಧ್ಯ ವಲಯವೆಂದು ಘೋಷಿಸಿತು. ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳ ಜೊತೆ ದೂರದ ವಲಸೆಗಾರರೂ ಈ ತಿಂಗಳುಗಳಲ್ಲಿ ಬಂದಿಳಿಯುತ್ತಾರೆ. ಬಾಲ ಕುಣಿಸುತ್ತಾ ಮಹಡಿಯ ನೀರಿನ ಅಂಚಿನಲ್ಲಿ ಓಡಾಡುವ ಬೂದು ಸಿಪಿಲೆ ಅವರಲ್ಲಿ ಮೊದಲನೆಯದು. ಒಂದು ಇಡೀ ಬೆಳಗ್ಗೆ ಕೊಡಲು ಸಿದ್ಧರಿದ್ದರೆ ತಿರುಪ್ಪೂರಿನ ನಂಜರಾಯನ್ ಕೆರೆಗೆ ಹೋಗಿ. 2022ರಲ್ಲಿ ಪಕ್ಷಿಧಾಮವಾದ ಈ ಕೆರೆಗೆ 2024ರ ಆಗಸ್ಟ್‌ನಲ್ಲಿ ರಾಮ್‌ಸಾರ್ ಜೌಗು ತಾಣದ ಮಾನ್ಯತೆ ಸಿಕ್ಕಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಚಳಿಗಾಲದಲ್ಲಿ ಇಲ್ಲಿ ಕಂಡವರಿದ್ದಾರೆ. ಬನಿಯನ್ ಕಾರ್ಖಾನೆಗಳ ಊರಿನ ಪಕ್ಕದಲ್ಲಿ ಇಂಥ ನೀರು ಉಳಿದಿರುವುದನ್ನು ಕಂಡರೆ ಧೈರ್ಯ ಬರುತ್ತದೆ.

ಹಬ್ಬಗಳನ್ನು ಬಿಟ್ಟು ಈ ಋತುವಿನ ಮಾತು ಪೂರ್ತಿಯಾಗದು. ವಿಜಯದಶಮಿಯಂದು ಕೊಯಮತ್ತೂರಿನ ರಾಜವೀದಿಯ ಚೌಡೇಶ್ವರಿ ಗುಡಿಗೆ ದೇವಾಂಗರು ಮೆರವಣಿಗೆಯಲ್ಲಿ ಬರುತ್ತಾರೆ. ವೀರಕುಮಾರರು ತಾಯಿಯನ್ನು ಕರೆಯುತ್ತಾ ಎದೆಗೂ ತೋಳಿಗೂ ಕತ್ತಿ ಆಡಿಸಿಕೊಳ್ಳುವ ಅಲಗು ಸೇವೆ ಅಂದು ನಡೆಯುತ್ತದೆ. ಗಾಯಕ್ಕೆ ಭಂಡಾರ ಬಳಿದುಕೊಂಡು ಮುಂದೆ ಸಾಗುತ್ತಾರೆ. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಅಲ್ಲಿ ನಿಂತವರ ಬಾಯಲ್ಲಿ ಕನ್ನಡ, ತೆಲುಗು, ತಮಿಳು ಒಟ್ಟೊಟ್ಟಿಗೆ ಕೇಳುತ್ತವೆ. ಅದು ಕಳೆದರೆ ದೀಪಾವಳಿ. ಒಪ್ಪನಕಾರ ಬೀದಿ, ಕ್ರಾಸ್‌ಕಟ್ ರಸ್ತೆಗಳಲ್ಲಿ ಮಳೆ, ಜವಳಿ, ಜನ ಮೂರೂ ಸೇರಿ ಕಾಲಿಡಲು ಜಾಗವಿರುವುದಿಲ್ಲ. ತಿರುಪ್ಪೂರಿನಲ್ಲಿ ಬೋನಸ್ ಹಿಡಿದು ಊರಿಗೆ ಹೊರಟ ಕಾರ್ಮಿಕರಿಂದ ಬಸ್ಸು, ರೈಲು ತುಂಬಿ ತುಳುಕುತ್ತವೆ. ದೀಪಾವಳಿ ಮುಗಿದೊಡನೆ ಆರು ದಿನಗಳ ಕಂದಷಷ್ಠಿ; ಮರುದಮಲೆಯಲ್ಲೂ, ಮುರುಗನ ಹೆಸರನ್ನೇ ಹೊತ್ತ ನಮ್ಮ ಶರವಣಂಪಟ್ಟಿಯ ಸುತ್ತಲೂ, ಚಿನ್ನವೇಡಂಪಟ್ಟಿಯ ಕೌಮಾರ ಮಠದಲ್ಲೂ ಭಕ್ತರ ಸಾಲು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಈ ಮಳೆ ಎಲ್ಲರಿಗೂ ಒಂದೇ ಬಗೆಯಲ್ಲಿ ಬರುವುದಿಲ್ಲ. ಗುಣಿ ಮಗ್ಗದಲ್ಲಿ ನೇಯುವವರ ಮನೆಗೆ ಹೋಗಿ ನೋಡಿದರೆ ತಿಳಿಯುತ್ತದೆ. ನೇಕಾರ ಕಾಲಿಳಿಬಿಟ್ಟು ತುಳಿಯುವ ಗುಣಿ ನೆಲದೊಳಗಿದೆ; ನೆಲ ತೇವ ಕುಡಿದರೆ ಗುಣಿಯಲ್ಲಿ ನೀರೊಸರುತ್ತದೆ. ಬೀದಿಯಲ್ಲಿ ಹಾಸು ಎಳೆದು ಗಂಜಿ ಹಾಕಿದರೆ ಒಣಗುವ ಭರವಸೆಯಿಲ್ಲ. ಸಿರುಮುಗೈ ಕಡೆಯ ಒಬ್ಬ ದೇವಾಂಗ ಅಜ್ಜಿ ನನಗೆ ಹೇಳಿದ್ದು: ‘ಮಳೆ ಬಂದ್ರೆ ನಿಮಗೆ ಬಜ್ಜಿ ನೆನಪಾಗುತ್ತೆ ಕಣಪ್ಪ, ನಮಗೆ ಗುಣಿ ನೆನಪಾಗುತ್ತೆ.’ ಅದಕ್ಕಿಂತ ಕಠಿಣವಾದದ್ದು 2019ರ ಡಿಸೆಂಬರ್ 2ರ ಬೆಳಗಿನ ಜಾವ ನಡೆದದ್ದು. ಮೆಟ್ಟುಪಾಳಯಂ ಹತ್ತಿರದ ನಡೂರಿನಲ್ಲಿ ಬಿಡದೆ ಸುರಿದ ಮಳೆಗೆ ಖಾಸಗಿ ಮನೆಯೊಂದರ ಎತ್ತರದ ಕಾಂಪೌಂಡ್ ಗೋಡೆ ಪಕ್ಕದ ಬಡವರ ಮನೆಗಳ ಮೇಲೆ ಕುಸಿದು, ಮಲಗಿದ್ದ 17 ಮಂದಿ ಸತ್ತರು. ಆ ಗೋಡೆಯ ಬಗ್ಗೆ ಅಲ್ಲಿಯ ಜನ ಮೊದಲೇ ದೂರಿದ್ದರು. ಮಳೆಯನ್ನು ಸವಿಯುವ ಹಕ್ಕು ನಮಗಿದೆ ಎಂದಾದರೆ, ಆ ಮಳೆಗೆ ಪಕ್ಕದ ಮನೆಯವರು ಹೆದರದಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ.

ನೀರಿನ ಲೆಕ್ಕದಲ್ಲೂ ಇದೇ ಹೊಣೆ ಎದುರಾಗುತ್ತದೆ. ಕೊಯಮತ್ತೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುವ ಸಿರುವಾಣಿಯ ಸಿಹಿನೀರಾಗಲಿ, ಭವಾನಿಯ ಪಿಲ್ಲೂರು ನೀರಾಗಲಿ ಹೆಚ್ಚಾಗಿ ಮುಂಗಾರಿನ ಕೊಡುಗೆ. ಅದು ಬೆಟ್ಟದ ಮೇಲೆ ಬಿದ್ದು ಕೊಳವೆಯಲ್ಲಿ ಇಳಿದು ಬರುತ್ತದೆ. ಆದರೆ ನಮ್ಮ ಬಾವಿ, ಬೋರ್‌ವೆಲ್, ಬಯಲಿನ ಕೆರೆಗಳ ನೀರು ಬಹುಪಾಲು ಹಿಂಗಾರಿನದು. 2016ರಲ್ಲಿ ತಮಿಳುನಾಡಿನಲ್ಲಿ ಹಿಂಗಾರು ವಾಡಿಕೆಗಿಂತ ಶೇ. 62ರಷ್ಟು ಕಡಿಮೆಯಾಯಿತು. ಮರುವರ್ಷದ ಬೇಸಿಗೆಯಲ್ಲಿ ಶರವಣಂಪಟ್ಟಿಯ ಬೀದಿಗಳಲ್ಲಿ ಟ್ಯಾಂಕರ್‌ಗಳ ಹಿಂದೆ ಬಿಂದಿಗೆಗಳ ಸಾಲು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಕ್ಟೋಬರ್‌ನ ಒಂದೊಂದು ಸಂಜೆಯ ಮಳೆಯೂ ಮುಂದಿನ ಮೇ ತಿಂಗಳಿನ ನೀರು ಎಂಬುದನ್ನು ಆ ಬೇಸಿಗೆ ಕಲಿಸಿತು.

ನಮ್ಮ ಭಾಗದಲ್ಲಿ ಆ ನೀರಿನ ದಾರಿಯ ಹೆಸರು ಕೌಶಿಕಾ ನದಿ. ಕುರುಡಿಮಲೆಯ ತಪ್ಪಲಲ್ಲಿ ಹುಟ್ಟಿ, ಇಡಿಗರೆ, ಕೋವಿಲ್‌ಪಾಳಯಂ ಕಡೆಯಿಂದ ಹರಿದು, ತಿರುಪ್ಪೂರು ಜಿಲ್ಲೆಯ ವಂಜಿಪಾಳಯಂ ಹತ್ತಿರ ನೊಯ್ಯಲ್‌ಗೆ ಸೇರುವ ಹೊಳೆ. ವರ್ಷದ ಬಹುಪಾಲು ಅದು ಜಾಲಿ ಬೆಳೆದ ಹಳ್ಳ. ಹಿಂಗಾರಿನಲ್ಲಿ ಮಾತ್ರ ನದಿ ಎಂದು ನೆನಪಾಗುವಂಥದು. ಸುತ್ತಲಿನ ಕೆರೆಗಳಿಗೆ ಮತ್ತೆ ನೀರು ಬರಲೆಂದು ಸ್ವಯಂಸೇವಕರು ಭಾನುವಾರಗಳಲ್ಲಿ ಹಾರೆ, ಗುದ್ದಲಿ ಹಿಡಿದು ಕಾಲುವೆ ಬಿಡಿಸುತ್ತಾ ಬಂದಿದ್ದಾರೆ. 2024ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಅತ್ತಿಕಡವು–ಅವಿನಾಶಿ ಯೋಜನೆ ಭವಾನಿಯ ಹೆಚ್ಚುವರಿ ನೀರನ್ನು ಈರೋಡು, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ತಲುಪಿಸುವ ಉದ್ದೇಶದ್ದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರೈತರು ಕೇಳಿದ ಯೋಜನೆ, ಅದನ್ನು ಮೆಚ್ಚಲೇಬೇಕು. ಆದರೆ ದೂರದಿಂದ ಪಂಪ್ ಮಾಡಿ ತಂದ ನೀರು, ತಲೆಯ ಮೇಲೆ ಬಿದ್ದ ನೀರನ್ನು ಚರಂಡಿಗೆ ಬಿಡುವುದಕ್ಕೆ ಪರವಾನಗಿಯಲ್ಲ. ಶರವಣಂಪಟ್ಟಿಯಲ್ಲಿ ಹೊಸ ಬಡಾವಣೆ ಎದ್ದಲ್ಲೆಲ್ಲ ಹಳೆಯ ಹಳ್ಳದ ದಾರಿ ಸಣ್ಣದಾಗಿದೆ. ಕೆರೆಗೆ ಹೋಗಬೇಕಾದ ನೀರು ಸತ್ತಿ ರೋಡಿನ ಮೇಲೆ ಮೊಣಕಾಲುದ್ದ ನಿಲ್ಲುತ್ತದೆ, ನಗರದೊಳಗಿನ ರೈಲ್ವೆ ಕೆಳಸೇತುವೆಗಳಲ್ಲಿ ವಾಹನಗಳು ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಜನ ಮಳೆಯನ್ನು ಬೈಯುತ್ತಾರೆ. ಬೈಯಬೇಕಾದದ್ದು ನೀರಿನ ದಾರಿಯಲ್ಲಿ ಮನೆ ಕಟ್ಟಿದ ನಮ್ಮ ಅವಸರವನ್ನು.

ಈಗ ಬರುವವರಿಗೆ ಒಂದೆರಡು ಕಿವಿಮಾತು. ನಿಮ್ಮ ದಿನವನ್ನು ಬೆಳಗಿನ ಮೇಲೆ ಕಟ್ಟಿಕೊಳ್ಳಿ. ಗುಡಿ, ಕೆರೆ, ಬೆಟ್ಟ ಎಲ್ಲವನ್ನೂ ಮಧ್ಯಾಹ್ನ ಎರಡರೊಳಗೆ ಮುಗಿಸಿ, ನಾಲ್ಕರ ಹೊತ್ತಿಗೆ ಸೂರು ಸೇರಿ, ಮಳೆ ನಿಂತ ಮೇಲೆ ಮತ್ತೆ ಹೊರಡಿ. ಕಾರ್ಯಕ್ರಮ ಹಾಕಿಕೊಳ್ಳುವ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಹಿಂಗಾರಿನ ಬಗ್ಗೆ ಇಲ್ಲಿಯ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೂ ರೈತರಿಗಾಗಿ ಜಿಲ್ಲಾವಾರು ಅಂದಾಜು ಕೊಡುತ್ತದೆ. ಮೆಟ್ಟುಪಾಳಯಂನಿಂದ ಊಟಿಗೆ ಹತ್ತುವ ಪುಟ್ಟ ರೈಲನ್ನೇ ನಂಬಿ ಬರಬೇಡಿ. ಈ ತಿಂಗಳುಗಳಲ್ಲಿ ಕುನ್ನೂರು ಘಾಟಿಯಲ್ಲಿ ಮಣ್ಣು ಕುಸಿದು ಅದು ಆಗಾಗ ನಿಲ್ಲುತ್ತದೆ. ಚಾಮರಾಜನಗರದ ಕಡೆಯಿಂದ ಬರುವವರು ಸತ್ಯಮಂಗಲ ಹುಲಿ ಮೀಸಲು ಪ್ರದೇಶದಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದನ್ನು ನೆನಪಿಟ್ಟು, ಬೆಳಕಿರುವಾಗಲೇ ದಿಂಬಂ ಇಳಿಯಿರಿ. ಹಾಸನೂರು ದಾಟಿದ ಮೇಲಿನ ಕಾಡು ಈ ಕಾಲದಲ್ಲಿ ಹಸುರೋ ಹಸುರು. ಕೆಳಗೆ ಬಣ್ಣಾರಿಯಮ್ಮನ ಗುಡಿಯಲ್ಲಿ ನಿಮ್ಮೂರಿನವರೇ ಸಿಕ್ಕರೂ ಅಚ್ಚರಿಯಿಲ್ಲ.

ಇಲ್ಲೇ ಇರುವವರಿಗೆ ನನ್ನ ಬೇಡಿಕೆ ಇನ್ನೂ ಸರಳ. ಸಂಜೆ ಗುಡುಗು ಕೇಳಿದೊಡನೆ ಕಿಟಕಿ ಮುಚ್ಚಿ ಟಿವಿ ಹಾಕಬೇಡಿ. ಜಗಲಿಗೆ ಬಂದು ಕೂರಿ, ಮನೆಯ ಹಿರಿಯರನ್ನೂ ಮಕ್ಕಳನ್ನೂ ಪಕ್ಕ ಕೂರಿಸಿಕೊಳ್ಳಿ. ಮಳೆ ನಿಂತ ಮೇಲೆ ಹೂಕುಂಡದ ತಟ್ಟೆ, ಹಳೆಯ ಟೈರು, ತೆಂಗಿನ ಚಿಪ್ಪಿನಲ್ಲಿ ನಿಂತ ನೀರನ್ನು ಚೆಲ್ಲಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಅಂಥ ತಿಳಿನೀರಿನಲ್ಲೇ. ಚಾವಣಿಯ ನೀರು ಇಂಗುಗುಂಡಿಗೆ ಇಳಿಯುತ್ತಿದೆಯೇ, ಗುಂಡಿಯಲ್ಲಿ ಹೂಳು ತುಂಬಿದೆಯೇ ಎಂದು ಅಕ್ಟೋಬರ್ ಮೊದಲ ವಾರವೇ ನೋಡಿ. ನಿಮ್ಮ ಬೀದಿಯ ಕೊನೆಯಲ್ಲಿ ಹಳ್ಳವೋ ರಾಜಕಾಲುವೆಯೋ ಇದ್ದರೆ ಅದರಲ್ಲಿ ಕಸ ಬೀಳದಂತೆ ನಾಲ್ಕು ಮನೆಯವರು ಸೇರಿ ಕಾಯ್ದುಕೊಳ್ಳಿ. ಕೊಯಮತ್ತೂರಿಗೆ ವರ್ಷಕ್ಕೆ ಒಂದೇ ಒಳ್ಳೆಯ ಮಳೆಗಾಲ, ಅದು ಈ ಶರದೃತು. ಅದನ್ನು ಮನಸಾರೆ ಸವಿಯಿರಿ, ಅದರ ನೀರು ಕೆರೆ ತಲುಪುವಂತೆ ದಾರಿ ಬಿಡಿ.